ಬಿಚ್ಚಿ ಜೋಡಿಸಿದ ಇಂಜಿನ್ನಿನ ನಾಡಿಪರೀಕ್ಷೆ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಜಾವಾ ಮೋಟಾರ್ ಸೈಕಲ್ಲುಗಳ ತಯಾರಿಕೆಯನ್ನು ಆರಂಭಿಸಿತು. 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರನ್ನಿಟ್ಟಿತು. 1996ರಲ್ಲಿ ಬಾಗಿಲು ಮುಚ್ಚಿತು. ಕಾರ್ಖಾನೆ ನಿಂತರೂ ಅದರ ಗಾಡಿಗಳು ನಿಲ್ಲಲಿಲ್ಲ. ಹೊರನಾಡಿನಲ್ಲಿ ನೆಲೆಸಿದ ನಮ್ಮವರಲ್ಲಿಯೂ ಕೆಲವರು ತಂದೆಯ ಕಾಲದ ಯೆಜ್ಡಿಯನ್ನು ಮಾರಲೊಲ್ಲದೆ, ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ, ಮತ್ತೆ ಓಡಿಸುವ ಆಸೆಯನ್ನಿಟ್ಟುಕೊಂಡಿರುತ್ತಾರೆ. ಆದರೆ ಸಾವಿರಾರು ರೂಪಾಯಿ ಸುರಿದ ಬಳಿಕವೂ ಇಂಜಿನ್ ಮಿಸ್ಸಿಂಗ್ ಹೊಡೆಯುವುದು, ನಡುಗುವುದು, ಬಿಸಿಯಾದೊಡನೆ ನಿಂತುಹೋಗುವುದು ಅಪರೂಪವಲ್ಲ.

ಇಂತಹ ಸಂದರ್ಭದಲ್ಲಿ ಪ್ಲಗ್ ಬದಲಿಸಿ, ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ, ಪಾಯಿಂಟ್ ಅಲುಗಾಡಿಸಿ, ಎಲ್ಲವನ್ನೂ ಒಮ್ಮೆಲೇ ಮಾಡುವುದು ವಾಡಿಕೆ. ತಾಳೆಪಟ್ಟಿ ಕೂಡಿಬರದಿದ್ದಾಗ ನಾಲ್ಕು ಖಾತೆಗಳನ್ನು ಒಟ್ಟಿಗೆ ತಿದ್ದಿದರೆ ಮೂಲ ತಪ್ಪು ಎಂದಿಗೂ ಸಿಕ್ಕದು. ಇಂಜಿನ್ನಿನ ನ್ಯಾಯವೂ ಅದೇ. ಇಂಧನ, ಕಿಡಿ, ಉಸಿರು ಈ ಮೂರನ್ನು ಕ್ರಮವಾಗಿ, ಒಂದೊಂದಾಗಿ ಪರೀಕ್ಷಿಸಬೇಕು.

ಮೊದಲು ಇಂಧನ. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿದ್ದರೆ ಗಾಡಿ ಸ್ವಲ್ಪ ದೂರ ಚೆನ್ನಾಗಿ ಓಡಿ ನಿಲ್ಲುತ್ತದೆ. ಮುಚ್ಚಳ ತೆರೆದರೆ ಮತ್ತೆ ಚಾಲೂ ಆಗುತ್ತದೆ. ಕೊಳವೆ ಕಳಚಿ ಪೆಟ್ರೋಲ್ ಧಾರೆಯಾಗಿ ಬೀಳುವುದೇ ನೋಡಬೇಕು; ಜೆಟ್ಟುಗಳನ್ನು ಶುಚಿಗೊಳಿಸಬೇಕು. ಎಣ್ಣೆಯ ಪ್ರಮಾಣ ಕೈಪಿಡಿಯಲ್ಲಿರುವಷ್ಟೇ ಇರಲಿ. ಲೀಟರಿಗೆ 40 ಮಿ.ಲೀ. ಎಂದರೆ 25ಕ್ಕೆ 1 ಪಾಲು. ಹೊಸ ಪಿಸ್ಟನ್ನಿಗೆ ಒಳ್ಳೆಯದೆಂದು ಮನಬಂದಷ್ಟು ಎಣ್ಣೆ ಸುರಿದರೆ ಅದೇ ಜೆಟ್ಟಿನಲ್ಲಿ ಹರಿಯುವ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆಂಬುದನ್ನು ಅನೇಕರು ಮರೆಯುತ್ತಾರೆ. ಇನ್ನೊಂದು ಮಾತು: ಈಗ ನಮ್ಮಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಎಥೆನಾಲ್ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಆದುದರಿಂದ ಶುದ್ಧ ಪೆಟ್ರೋಲಿಗೆಂದು ಅಳೆದ ಹಳೆಯ ಜೆಟ್ಟಿನಿಂದ ಬರುವ ಮಿಶ್ರಣ ತೆಳುವಾಗುತ್ತದೆ. ಎಥೆನಾಲ್ ನೀರನ್ನೂ ಹೀರುತ್ತದೆ. ಹಳೆಯ ರಬ್ಬರನ್ನು ಕೆಡಿಸುತ್ತದೆ.

ಎರಡನೆಯದು ಕಿಡಿ. ಪಾಯಿಂಟಿನ ಅಂತರವನ್ನು, ಸಾಮಾನ್ಯವಾಗಿ 0.4 ಮಿ.ಮೀ. ಆಸುಪಾಸಿನಲ್ಲಿ, ಮೊದಲು ಸರಿಪಡಿಸಿ, ಅನಂತರವೇ ಟೈಮಿಂಗ್ ಕೂಡಿಸಬೇಕು. ಅಂತರ ಬದಲಾದರೆ ಟೈಮಿಂಗ್ ತಾನಾಗಿ ಬದಲಾಗುತ್ತದೆ. ಪಾಯಿಂಟಿನ ನಡುವೆ ಸಿಗರೇಟಿನ ತೆಳುಕಾಗದವನ್ನಿಟ್ಟು ಇಂಜಿನ್ ಮೆಲ್ಲನೆ ತಿರುಗಿಸಿದರೆ, ಕಾಗದ ಸಡಿಲವಾಗುವ ಕ್ಷಣವೇ ಕಿಡಿ ಹಾರುವ ಕ್ಷಣ. ಕಿಕ್ ಹೊಡೆದಾಗ ಕಾಲಿಗೆ ತಿರುಗೇಟು ಬಿದ್ದರೆ ಕಿಡಿ ಬಹಳ ಮುಂಚೆ ಬರುತ್ತಿದೆಯೆಂದು ಶಂಕಿಸಬೇಕು. ಬಿಸಿಯಾದಾಗ ಮಾತ್ರ ಕೈಕೊಟ್ಟರೆ ಕಂಡೆನ್ಸರನ್ನೋ ಕಾಯಿಲನ್ನೋ ನೋಡಬೇಕು. ಎಷ್ಟು ಕೂಡಿಸಿದರೂ ಟೈಮಿಂಗ್ ನಿಲ್ಲದಿದ್ದರೆ ದೋಷ ಪಾಯಿಂಟಿನದಲ್ಲದೆ ಕ್ರ್ಯಾಂಕಿನದಿರಬಹುದು. ಕನೆಕ್ಟಿಂಗ್ ರಾಡ್ ಬದಲಿಸಿದಾಗ ಕ್ರ್ಯಾಂಕನ್ನು ಬಿಡಿಸಿ ಮತ್ತೆ ಒತ್ತಿ ಕೂಡಿಸುತ್ತಾರೆ. ಅದು ಕೂದಲೆಳೆಯಷ್ಟು ಓರೆಯಾದರೂ ಗಾಡಿ ನಡುಗುತ್ತದೆ. ಅದರ ತುದಿಯಲ್ಲಿರುವ ಕ್ಯಾಮ್ ಓಲಾಡಿ ಪಾಯಿಂಟಿನ ಅಂತರವನ್ನು ಕೆಡಿಸುತ್ತದೆ.

ಮೂರನೆಯದೂ ಅತಿ ಮುಖ್ಯವೂ ಆದುದು ಉಸಿರು. ಟೂ-ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೋಣೆಯೇ ಶ್ವಾಸಕೋಶ. ಪೆಟ್ರೋಲ್, ಗಾಳಿ, ಎಣ್ಣೆಯ ಮಿಶ್ರಣ ಮೊದಲು ಅಲ್ಲಿಗೆ ಬಂದು, ಒತ್ತಲ್ಪಟ್ಟು, ಮೇಲಕ್ಕೇರುತ್ತದೆ. ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳಲ್ಲಿ ಒಂದು ಸೋರಿದರೂ ಉಸಿರು ಕೆಡುತ್ತದೆ. ಯೆಜ್ಡಿಯಲ್ಲಿ ಎಡಬದಿಯ ಸೀಲ್ ಸೋರಿದರೆ ಗೇರ್ ಎಣ್ಣೆ ಒಳಸೇರಿ ದಟ್ಟ ಹೊಗೆ ಬರುತ್ತದೆ. ಪ್ಲಗ್ ಎಣ್ಣೆಯಲ್ಲಿ ತೊಯ್ಯುತ್ತದೆ. ಬಲಬದಿಯದು, ಎಂದರೆ ಡೈನಮೋ ಬದಿಯದು ಸೋರಿದರೆ ಹೊರಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಆಗ ಎಕ್ಸಿಲೇಟರ್ ಮುಚ್ಚಿದರೂ ಇಂಜಿನ್ನಿನ ವೇಗ ಇಳಿಯದು. ಕೆಲವೊಮ್ಮೆ ತಾನಾಗಿ ಏರುವುದೂ ಉಂಟು.

ಈ ಕೊನೆಯ ಲಕ್ಷಣವನ್ನು ಎಂದಿಗೂ ಅಲಕ್ಷಿಸಬಾರದು. ತೆಳು ಮಿಶ್ರಣದಲ್ಲಿ ಗಾಡಿ ಹಗುರವಾಗಿ ಓಡಿದಂತೆ ಭಾಸವಾಗುತ್ತದೆ. ಆದರೆ ಇಂಜಿನ್ನಿಗೆ ತಂಪನ್ನೂ ಎಣ್ಣೆಯನ್ನೂ ಕೊಡುವುದು ಆ ಮಿಶ್ರಣವೇ. ಅದು ಕಡಿಮೆಯಾದರೆ ಪಿಸ್ಟನ್ ಹಿಗ್ಗಿ ಬೋರನ್ನು ಕಚ್ಚುತ್ತದೆ. ಹಿಂದಿನ ಚಕ್ರ ಓಡುತ್ತಿರುವಾಗಲೇ ಬಿಗಿದುಕೊಳ್ಳುತ್ತದೆ. ಹಿಂದೆ ಬಸ್ಸು ಲಾರಿಗಳಿರುವ ನಗರದ ರಸ್ತೆಯಲ್ಲಿ ಇದು ಪ್ರಾಣಕ್ಕೇ ಸಂಚಕಾರ. ಹೊಸ ಬೋರಿನ ಗಾಡಿಯಲ್ಲಿ ಎಡಗೈಯ ಬೆರಳುಗಳು ಸದಾ ಕ್ಲಚ್ಚಿನ ಮೇಲಿರಲಿ. ಇಂಜಿನ್ ಬಿಗಿಯುವ ಸೂಚನೆ ಕಂಡೊಡನೆ ಕ್ಲಚ್ ಹಿಡಿಯಬೇಕು. ಘಟ್ಟದ ಉದ್ದ ಇಳಿಜಾರಿನಲ್ಲಿ ಎಕ್ಸಿಲೇಟರ್ ಪೂರ್ಣ ಮುಚ್ಚಿ ಗೇರಿನಲ್ಲಿಯೇ ಇಳಿದರೆ ಪೆಟ್ರೋಲಿನೊಡನೆ ಎಣ್ಣೆಯೂ ನಿಲ್ಲುತ್ತದೆ. ನಡುನಡುವೆ ಕ್ಲಚ್ ಹಿಡಿದು ಒಮ್ಮೆ ಎಕ್ಸಿಲೇಟರ್ ಕೊಡಬೇಕು.

ಸೋರಿಕೆಯನ್ನು ಊಹಿಸಬೇಕಾಗಿಲ್ಲ, ಅಳೆಯಬಹುದು. ಕಾರ್ಬುರೇಟರಿನ ಬಾಯನ್ನೂ ಎರಡು ಸೈಲೆನ್ಸರಿನ ಬಾಯಿಗಳನ್ನೂ ರಬ್ಬರಿನಿಂದ ಭದ್ರವಾಗಿ ಮುಚ್ಚಿ, ಕೈಪಂಪಿನಿಂದ 6 ಪೌಂಡಿನಷ್ಟು ಮಾತ್ರ ಒತ್ತಡ ಕೊಟ್ಟು, ಗೇಜಿನ ಮುಳ್ಳನ್ನು ಕೆಲವು ನಿಮಿಷ ನೋಡಬೇಕು. ಮುಳ್ಳು ಇಳಿದರೆ ಕೀಲುಗಳಿಗೆಲ್ಲ ಸಾಬೂನು ನೀರು ಬಳಿದಾಗ ಗುಳ್ಳೆಗಳೇ ದೋಷದ ಸ್ಥಳವನ್ನು ತೋರಿಸುತ್ತವೆ. ಗೇರ್ ಎಣ್ಣೆ ಸುರಿಯುವ ರಂಧ್ರದಿಂದ ಗಾಳಿ ಬಂದರೆ ಎಡ ಸೀಲೇ ಅಪರಾಧಿ. ಓಡುತ್ತಿರುವ ಇಂಜಿನ್ನಿನ ಮೇಲೆ ಪೆಟ್ರೋಲ್ ಎರಚಿ ಸೋರಿಕೆ ಹುಡುಕುವ ದುಸ್ಸಾಹಸ ಬೆಂಕಿಗೆ ಆಹ್ವಾನ.

ಆರೋಗ್ಯದ ವಿಷಯವಾಗಿಯೂ ಎರಡು ಮಾತು. ಫ್ಲಾಟಿನ ನೆಲಮಾಳಿಗೆಯಲ್ಲಿ ಅಥವಾ ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಚಾಲೂ ಮಾಡಕೂಡದು. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅರಿವಿಲ್ಲದಂತೆಯೇ ಪ್ರಾಣ ತೆಗೆಯಬಲ್ಲದು. ಪೆಟ್ರೋಲಿನಿಂದ ಕೈ ತೊಳೆಯಬಾರದು. ಅದರಲ್ಲಿರುವ ಬೆಂಜೀನ್ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತು. ಹಳೆಯ ಗ್ಯಾಸ್ಕೆಟ್ಟು, ಬ್ರೇಕ್ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವುಂಟು. ಒಣಗಿರುವಂತೆಯೇ ಕೆರೆಯದೆ, ಊದದೆ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಇಷ್ಟೆಲ್ಲ ಮಾಡುವಾಗ ಜತೆಗೊಂದು ಪುಟ್ಟ ಪುಸ್ತಕವಿರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ದಿನಾಂಕ, ಕಿಲೋಮೀಟರ್, ಪ್ಲಗ್ಗಿನ ಬಣ್ಣ, ಫಲಿತಾಂಶ ಇವನ್ನು ಬರೆದಿಡಬೇಕು. ಮೆಕ್ಯಾನಿಕ್ಕನ ಮುಂದೆ "ಗಾಡಿ ಸರಿಯಿಲ್ಲ" ಎನ್ನುವುದಕ್ಕಿಂತ ಆ ಪುಟವನ್ನು ತೋರಿಸುವುದು ಹೆಚ್ಚು ಪ್ರಯೋಜನಕಾರಿ. ಅವನ ವೇಳೆಯೂ ನಮ್ಮ ಹಣವೂ ಉಳಿಯುತ್ತವೆ.