ಪೀಠದ ಮೇಲಿನ ಸಂದೇಹ

ರಾಯಬಾಗ ತಾಲೂಕಿನ ಮುಗಳಖೋಡದಲ್ಲಿ ಯಲ್ಲಾಲಿಂಗ ಮಹಾರಾಜರ ಮಠ, ಚಿಂಚಲಿಯಲ್ಲಿ ಮಾಯಕ್ಕನ ಗುಡಿ, ಯಡೂರಿನಲ್ಲಿ ವೀರಭದ್ರನ ಸನ್ನಿಧಿ, ಸದಲಗಾ ಶೇಡಬಾಳಗಳಲ್ಲಿ ಬಸದಿಗಳು. ಹೀಗೆ ಹರದಾರಿಗೊಂದು ಶ್ರದ್ಧಾಸ್ಥಾನವನ್ನು ಹೊಂದಿರುವ ಈ ಸೀಮೆಯಲ್ಲಿ, ಶ್ರಾವಣ ಬಂತೆಂದರೆ ಊರೂರಿನ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ, ದುಡಿದು ದಣಿದ ಒಕ್ಕಲಿಗರು ಕಂಬಳಿ ಹಾಸಿಕೊಂಡು ನಡುರಾತ್ರಿಯವರೆಗೂ ಕೇಳುತ್ತಾರೆ. ಅಜ್ಜಾರು ಹೇಳಿದ್ದನ್ನು ಜನ ನಂಬುತ್ತಾರೆ. ಅಜ್ಜಾರೂ ತಾವು ಹೇಳಿದ್ದನ್ನು ನಂಬಿಯೇ ಇರುತ್ತಾರೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಲೋಕದ ಯಾವ ಮೂಲೆಯ ಯಾವ ಮತದ ಗುರುವಿಗೇ ಆಗಲಿ, ಓದಿನಿಂದಲೋ, ಕಣ್ಣಾರೆ ಕಂಡ ದುಃಖದಿಂದಲೋ, ಏಕಾಂತದ ಚಿಂತನೆಯಿಂದಲೋ, ಒಂದು ದಿನ ಆ ನಂಬಿಕೆಯೇ ಕಳೆದುಹೋದರೆ ಅವರ ಗತಿಯೇನು? ತಮ್ಮ ಸಂದೇಹವನ್ನು ಅವರು ಯಾರೆದುರು ತೋಡಿಕೊಳ್ಳಬೇಕು? ಸಂದೇಹಪಡುವ ಗುರುವಿಗೆ ಮಾನದಿಂದ ಮಾತನಾಡಲೂ ಮಾನದಿಂದ ಹೊರಬರಲೂ ಅವಕಾಶವಿಲ್ಲದ ಸಮಾಜವು ಅವನನ್ನು ಕಪಟದ ಬದುಕಿಗೆ ತಾನೇ ನೂಕುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಸಂಕಟದ ಅತ್ಯಂತ ಮರ್ಮಭೇದಕವಾದ ನಿದರ್ಶನವು ದೊರೆಯುವುದು ಫ್ರಾನ್ಸ್ ದೇಶದಲ್ಲಿ. ಜಾನ್ ಮೆಲಿಯೆ ಎಂಬ ಕ್ರೈಸ್ತ ಪಾದ್ರಿಯು 1689ರಲ್ಲಿ ಎತ್ರೆಪಿನ್ಯಿ ಎಂಬ ಸಣ್ಣ ಹಳ್ಳಿಯ ಇಗರ್ಜಿಗೆ ಬಂದು, 1729ರಲ್ಲಿ ತೀರಿಕೊಳ್ಳುವವರೆಗೆ, ಎಂದರೆ 40 ವರ್ಷಗಳ ಕಾಲ, ಅಲ್ಲಿಯ ಬಡ ರೈತರ ಮಕ್ಕಳಿಗೆ ನಾಮಕರಣ ಮಾಡಿ, ವಿವಾಹ ಮಾಡಿಸಿ, ಸತ್ತವರನ್ನು ಮಣ್ಣು ಮಾಡಿ, ವಾರವಾರವೂ ದೇವರ ಮಹಿಮೆಯನ್ನು ಬೋಧಿಸಿದನು. ಅವನು ಸತ್ತ ಬಳಿಕ ಸಿಕ್ಕಿದ ಹಸ್ತಪ್ರತಿಗಳನ್ನು ತೆರೆದು ನೋಡಿದರೆ, ತಾನು ಬೋಧಿಸಿದ ಯಾವುದನ್ನೂ ತಾನು ನಂಬಿರಲಿಲ್ಲವೆಂದೂ, ದೇವರ ಹೆಸರಿನಲ್ಲಿ ಅರಸರೂ ಸಿರಿವಂತರೂ ಬಡವರನ್ನು ಸುಲಿಯುತ್ತಿದ್ದಾರೆಂದೂ, ಬದುಕಿರುವಾಗ ಇದನ್ನು ಹೇಳಲಾರದೆ ಹೋದುದಕ್ಕೆ ತನ್ನ ಹಳ್ಳಿಗರು ತನ್ನನ್ನು ಮನ್ನಿಸಬೇಕೆಂದೂ ಅವನು ನೂರಾರು ಪುಟಗಳಲ್ಲಿ ಬರೆದಿಟ್ಟಿದ್ದನು. ಒಂದು ಪ್ರತಿ ನಾಶವಾದರೂ ಇನ್ನೊಂದು ಉಳಿಯಲೆಂದು ಮೂರು ಪ್ರತಿಗಳನ್ನು ತನ್ನ ಕೈಯಿಂದಲೇ ಬರೆದಿದ್ದನಂತೆ. 1762ರಲ್ಲಿ ವೋಲ್ತೇರ್ ಇದರ ಸಂಗ್ರಹವನ್ನು ಪ್ರಕಟಿಸಿದನಾದರೂ, ನಿರೀಶ್ವರವಾದದ ಕಟು ಭಾಗಗಳನ್ನು ಬಿಟ್ಟು, ಮೆಲಿಯೆಯನ್ನು ದೇವರಲ್ಲಿ ನಂಬಿಕೆಯಿದ್ದವನಂತೆ ತೋರಿಸಿದನು. ಪೂರ್ಣ ಗ್ರಂಥ ಬೆಳಕು ಕಾಣಲು 1864ರವರೆಗೆ ಕಾಯಬೇಕಾಯಿತು. ಬದುಕಿದ್ದಾಗ ನಾಲಗೆಯನ್ನು ಕಟ್ಟಿಕೊಂಡವನಿಗೆ ಸತ್ತ ಮೇಲೂ ಮಾತು ಪೂರ್ತಿಯಾಗಿ ದಕ್ಕಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಇದು ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ತತ್ತ್ವಜ್ಞಾನಿ ಡೇನಿಯಲ್ ಡೆನೆಟ್ ಹಾಗೂ ಲಿಂಡಾ ಲಸ್ಕೋಲಾ ಎಂಬವರು 2010ರಲ್ಲಿ, ನಂಬಿಕೆಯನ್ನು ಕಳೆದುಕೊಂಡರೂ ಇಗರ್ಜಿಯ ಕೆಲಸವನ್ನು ಮುಂದುವರಿಸಿದ್ದ ಐದು ಮಂದಿ ಪಾದ್ರಿಗಳನ್ನು ಸಂದರ್ಶಿಸಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಮರುವರ್ಷವೇ ಇಂತಹವರು ಪರಸ್ಪರ ಆಸರೆಯಾಗಲೆಂದು 'ಕ್ಲರ್ಜಿ ಪ್ರಾಜೆಕ್ಟ್' ಎಂಬ ಬಳಗವೊಂದು ಹುಟ್ಟಿತು. ಮನೆ ಇಗರ್ಜಿಯದು, ಸಂಬಳ ಇಗರ್ಜಿಯದು, ಸ್ನೇಹಿತರೆಲ್ಲ ಭಕ್ತರೇ. ನಂಬಿಕೆ ಹೋಯಿತೆಂದು ಬಾಯಿಬಿಟ್ಟ ದಿನವೇ ಇವೆಲ್ಲವೂ ಹೋಗುತ್ತವೆ.

ನಮ್ಮ ಕಡೆಗೆ ಈ ಕಷ್ಟ ಇನ್ನೂ ಆಳವಾದುದು. ಪಾದ್ರಿಯು ಪ್ರಾಯಕ್ಕೆ ಬಂದ ಮೇಲೆ ತಾನಾಗಿ ದೀಕ್ಷೆಯನ್ನು ಆರಿಸಿಕೊಳ್ಳುತ್ತಾನೆ. ನಮ್ಮ ಎಷ್ಟೋ ಮಠಗಳಲ್ಲಿ ಹರಕೆ ಹೊತ್ತ ತಂದೆತಾಯಿಗಳು ಇನ್ನೂ ಅಕ್ಷರ ತಿದ್ದುವ ವಯಸ್ಸಿನ ಮಗುವನ್ನೇ ಮಠಕ್ಕೆ ಒಪ್ಪಿಸುತ್ತಾರೆ. ಅವನು ವಟುವಾಗಿ, ಮರಿದೇವರಾಗಿ, ಕೊನೆಗೆ ಪಟ್ಟಾಧಿಕಾರ ಪಡೆದು ಸ್ವಾಮಿಯಾಗುತ್ತಾನೆ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದುದು, ಇಂತಹ ವಟುಗಳು ಅಜ್ಞಾನಿಗಳಾಗಿ ಪೀಠವೇರದೆ ಸಂಸ್ಕೃತ, ಯೋಗ, ಶಾಸ್ತ್ರಗಳಲ್ಲಿ ಪಳಗಿದವರಾಗಿ ಏರಲೆಂಬ ಉದಾತ್ತ ಉದ್ದೇಶದಿಂದ. ಅದರ ಉಪಕಾರವನ್ನು ಉತ್ತರ ಕರ್ನಾಟಕವು ಮರೆಯಲಾಗದು. ಆದರೂ ಪ್ರಶ್ನೆ ಉಳಿದೇ ಇರುತ್ತದೆ. ಎಂಟು ಹತ್ತು ವರ್ಷದ ಮಗುವಿನ ಪರವಾಗಿ ಹಿರಿಯರು ನಂಬಿದ್ದನ್ನು ಆ ಮಗು ಮೂವತ್ತರ ಪ್ರಾಯದಲ್ಲಿಯೂ ನಂಬತಕ್ಕದ್ದೆಂಬ ಕಟ್ಟಳೆಯನ್ನು ಯಾರು ತಾನೆ ಹಾಕಬಲ್ಲರು? ಆ ಹೊತ್ತಿಗೆ ಆ ಸ್ವಾಮಿಗಳ ಹೆಸರಿನಲ್ಲಿ ಶಾಲೆಗಳು ನಡೆಯುತ್ತಿರುತ್ತವೆ, ಉಚಿತ ಪ್ರಸಾದನಿಲಯಗಳಲ್ಲಿ ನೂರಾರು ಬಡ ಹುಡುಗರು ಉಣ್ಣುತ್ತಿರುತ್ತಾರೆ, ಜಾತ್ರೆ ತೇರುಗಳು ಅವರ ಅಪ್ಪಣೆಗೆ ಕಾಯುತ್ತಿರುತ್ತವೆ. ಒಬ್ಬನ ಅಂತರಂಗದ ಸಂದೇಹವು ಸಾವಿರ ಜನರ ಆಶ್ರಯಕ್ಕೆ ಕುತ್ತಾಗಿ ಪರಿಣಮಿಸುವುದಾದರೆ, ಕರುಣೆಯುಳ್ಳ ಮನುಷ್ಯನು ಬಾಯಿ ಮುಚ್ಚಿಕೊಳ್ಳುವುದೇ ಸಹಜ.

ನಮ್ಮ ಸಾಹಿತ್ಯವು ಕಪಟಿಯಾದ ಸ್ವಾಮಿಯನ್ನು ಬಹಳವಾಗಿ ಚಿತ್ರಿಸಿದೆ. ಇದೇ ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು 'ಜರತಾರಿ ಜಗದ್ಗುರು' ಕಾದಂಬರಿಯಲ್ಲಿ ಮಠದ ವೈಭವದ ಹಿಂದಿನ ಕೊಳೆಯನ್ನು ನಿರ್ಭಯವಾಗಿ ಬಯಲಿಗೆಳೆದರು. ಆದರೆ ಪ್ರಾಮಾಣಿಕನಾಗಿದ್ದೇ ನಂಬಿಕೆಯ ನೆಲೆ ಕುಸಿದ ಗುರುವಿನ ಚಿತ್ರ ಅಪರೂಪ. ಅನಂತಮೂರ್ತಿಯವರ 'ಸಂಸ್ಕಾರ' (1965) ಅಂತಹುದು. ಕಾಶಿಯಲ್ಲಿ ಓದಿ ಬಂದು ದೂರ್ವಾಸಪುರದ ಅಗ್ರಹಾರಕ್ಕೆಲ್ಲ ಧರ್ಮದ ಪ್ರಮಾಣವೆನಿಸಿದ್ದ ಪ್ರಾಣೇಶಾಚಾರ್ಯರಿಗೆ, ಆಚಾರವನ್ನೆಲ್ಲ ಧಿಕ್ಕರಿಸಿ ಸತ್ತ ನಾರಣಪ್ಪನ ಶವವನ್ನು ಯಾರು ಸಂಸ್ಕಾರ ಮಾಡಬೇಕೆಂಬ ಪ್ರಶ್ನೆಗೆ ತಾಳೆಗರಿಯಲ್ಲಿಯೂ ಉತ್ತರ ಸಿಕ್ಕಲಿಲ್ಲ, ಮಾರುತಿಯ ಗುಡಿಯಲ್ಲಿಯೂ ಸಿಕ್ಕಲಿಲ್ಲ. ನಾರಣಪ್ಪ ಬದುಕಿದ್ದಾಗ ಅವನೊಡನೆ ಮಾಡಿದ ವಾದವು ಅವನು ಸತ್ತ ಮೇಲೆ ಆಚಾರ್ಯರ ಎದೆಯೊಳಗೇ ನಡೆಯತೊಡಗುತ್ತದೆ. 1970ರಲ್ಲಿ ಈ ಕಥೆಯ ಚಲನಚಿತ್ರಕ್ಕೆ ಮೊದಲು ಸೆನ್ಸಾರ್ ಮಂಡಳಿ ಅನುಮತಿಯನ್ನು ನಿರಾಕರಿಸಿತು. ಬಳಿಕ ಅದಕ್ಕೇ ರಾಷ್ಟ್ರಪತಿಗಳ ಸ್ವರ್ಣಕಮಲ ದೊರೆಯಿತು.

ಇನ್ನು ಇಂತಹ ಸಂದೇಹವನ್ನು ಬಹಿರಂಗವಾಗಿ ಚರ್ಚಿಸುವ ವಾದದ ವಿಷಯ. ಆಸ್ತಿಕ ನಾಸ್ತಿಕರ ಚರ್ಚೆಯು ಪಶ್ಚಿಮದಿಂದ ಬಂದ ಹೊಸ ರೂಢಿಯೆಂದು ಹಲವರು ಭಾವಿಸಿದ್ದಾರೆ. ಚಿಕ್ಕೋಡಿ ಅಥಣಿಗಳ ನೆಲದಲ್ಲಿ ನಿಂತು ಈ ಮಾತನ್ನು ಹೇಳುವುದು ಮಾತ್ರ ಸಲ್ಲದು. ವೇದಗಂಗಾ ದೂಧಗಂಗಾ ಸಂಗಮದ ಭೋಜದ ಮನೆತನದಲ್ಲಿ 1872ರಲ್ಲಿ ಜನಿಸಿ, ದಿಗಂಬರ ಮುನಿಪರಂಪರೆಗೆ ಪುನಶ್ಚೇತನವನ್ನು ಕೊಟ್ಟು, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತದಿಂದ ದೇಹವಿಟ್ಟ ಆಚಾರ್ಯ ಶಾಂತಿಸಾಗರರು ಈ ನೆಲದವರು. ಶೇಡಬಾಳದಲ್ಲಿ 1925ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾನಂದರೂ, ಸದಲಗಾದಲ್ಲಿ 1946ರಲ್ಲಿ ಹುಟ್ಟಿ ದೇಶದಾದ್ಯಂತ ಪೂಜ್ಯರಾಗಿ 2024ರಲ್ಲಿ ದೇಹವಿಟ್ಟ ಆಚಾರ್ಯ ವಿದ್ಯಾಸಾಗರರೂ ಇಲ್ಲಿಯವರೇ. ಈ ಮಹಾತಪಸ್ವಿಗಳ ಧರ್ಮವು ಜಗತ್ತನ್ನು ಸೃಷ್ಟಿಸಿದ ಈಶ್ವರನನ್ನು ಒಪ್ಪುವುದಿಲ್ಲ! ಲಿಂಗವಂತರ, ಮರಾಠರ, ಹಾಲುಮತದವರ ನೆರೆಯಲ್ಲಿ ಶತಮಾನಗಳಿಂದ ಹೊಲ ಉತ್ತುಕೊಂಡು ಬಂದ ಜೈನ ಒಕ್ಕಲು ಮಗನು, ಸೃಷ್ಟಿಕರ್ತನಿಲ್ಲವೆಂಬ ಸಿದ್ಧಾಂತವನ್ನು ಬಸದಿಯಲ್ಲಿ ಕೇಳಿ ಬಂದು, ನೆರೆಯವನ ಮನೆಯ ಶಿವಪೂಜೆಯ ಪ್ರಸಾದಕ್ಕೆ ಕೈಯೊಡ್ಡುತ್ತ ಬಾಳಿದ್ದಾನೆ.

ರಾಷ್ಟ್ರಕೂಟ ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರು 9ನೆಯ ಶತಮಾನದಲ್ಲಿ ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಸೃಷ್ಟಿಕರ್ತೃತ್ವದ ವಾದವನ್ನು ಎಳೆಎಳೆಯಾಗಿ ಬಿಡಿಸಿ ಖಂಡಿಸಿದ್ದಾರೆ: ಸೃಷ್ಟಿಗೆ ಮೊದಲು ದೇವರು ಎಲ್ಲಿದ್ದನು, ಯಾವ ದ್ರವ್ಯದಿಂದ ಮಾಡಿದನು, ಕರುಣೆಯಿಂದ ಮಾಡಿದ್ದರೆ ಲೋಕದಲ್ಲಿ ದುಃಖವೇಕೆ, ಲೀಲೆಗಾಗಿ ಮಾಡಿದ್ದರೆ ಅವನು ಮಕ್ಕಳಾಟದವನಾಗಲಿಲ್ಲವೆ ಎಂಬ ಧಾಟಿಯಲ್ಲಿ. ಅವರಿಗಿಂತ ಹಿಂದಿನ ಸಮಂತಭದ್ರರಂತೂ ಆಪ್ತಮೀಮಾಂಸೆಯ ಆರಂಭದಲ್ಲಿಯೇ ತೀರ್ಥಂಕರನನ್ನು ಎದುರಿಟ್ಟುಕೊಂಡು, ದೇವತೆಗಳು ಬಂದು ಸೇವಿಸುವುದು, ಆಕಾಶದಲ್ಲಿ ನಡೆಯುವುದು ಮೊದಲಾದ ಪವಾಡಗಳು ಗಾರುಡಿಗರಲ್ಲಿಯೂ ಕಾಣುವುದರಿಂದ, ಆ ಕಾರಣಕ್ಕಾಗಿ ತಾವು ಅವನನ್ನು ದೊಡ್ಡವನೆಂದು ಒಪ್ಪುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿದ್ದಾರೆ. ತಮ್ಮ ಆರಾಧ್ಯನನ್ನೇ ಪರೀಕ್ಷೆಗೆ ನಿಲ್ಲಿಸಿ, ಪರೀಕ್ಷೆಯಲ್ಲಿ ಗೆದ್ದ ಮೇಲೆಯೇ ನಮಸ್ಕರಿಸುವ ಈ ಧೈರ್ಯವು ನನಗೆ ಭಕ್ತಿಗಿಂತ ಕಡಮೆಯಾದುದೆಂದು ತೋರುವುದಿಲ್ಲ.

ಕನ್ನಡದ ಆದಿಕವಿ ಪಂಪನು ಕ್ರಿ.ಶ. 941ರಲ್ಲಿ ಜಿನಸೇನರ ಆದಿಪುರಾಣವನ್ನು ಕನ್ನಡಕ್ಕೆ ತಂದಾಗ ಒಂದು ಸಭೆಯನ್ನೂ ಜೊತೆಗೆ ತಂದನು. ಅಲಕಾಪುರದ ಅರಸ ಮಹಾಬಲನ ವರ್ಷವರ್ಧನದ ಉತ್ಸವ. ಎದುರಿಗೆ ನಾಲ್ವರು ಮಂತ್ರಿಗಳು. ಸ್ವಯಂಬುದ್ಧನು ಅರಸನಿಗೆ ಧರ್ಮವನ್ನು ನೆನಪಿಸಿದೊಡನೆ ಮಹಾಮತಿಯು ಎದ್ದು ಚಾರ್ವಾಕರ ಪಕ್ಷವನ್ನು ಹಿಡಿಯುತ್ತಾನೆ. ಬೆಲ್ಲ, ಹಿಟ್ಟು, ಧಾತಕಿಯ ಹೂಗಳು ಸೇರಿದಾಗ ಅವುಗಳಲ್ಲಿ ಬಿಡಿಬಿಡಿಯಾಗಿ ಇಲ್ಲದ ಅಮಲು ಹುಟ್ಟುವಂತೆ, ನಾಲ್ಕು ಭೂತಗಳು ಕೂಡಿದಲ್ಲಿ ಚೈತನ್ಯ ಹುಟ್ಟುತ್ತದೆ, ಪರಲೋಕವೆಂಬುದಿಲ್ಲ ಎಂಬುದು ಆ ಪಕ್ಷದ ವಾದ. ಸಂಭಿನ್ನಮತಿಯು ವಿಜ್ಞಾನವಾದವನ್ನೂ ಶತಮತಿಯು ಶೂನ್ಯವಾದವನ್ನೂ ಮಂಡಿಸುತ್ತಾರೆ; ಸ್ವಯಂಬುದ್ಧನು ಮೂವರಿಗೂ ಉತ್ತರ ಕೊಡುತ್ತಾನೆ. ಕವಿ ಯಾರ ಪಕ್ಷವೆಂಬುದು ಗುಟ್ಟಲ್ಲ. ಜಿನಸೇನರ ಕಥೆಯಲ್ಲಿ ಸೋತ ಮಂತ್ರಿಗಳಿಗೆ ಮುಂದಿನ ಜನ್ಮಗಳಲ್ಲಿ ದುರ್ಗತಿಯೇ ಬರುತ್ತದೆ. ಆದರೂ ದೇವನಾಗಿ ಹುಟ್ಟಿದ ಹಳೆಯ ಅರಸನು ನರಕಕ್ಕೇ ಇಳಿದು ಹೋಗಿ ಶತಮತಿಗೆ ಉಪದೇಶ ಮಾಡಿ ಬರುತ್ತಾನೆ. ನಾನು ಎತ್ತಿ ಹೇಳಬೇಕೆಂದಿರುವುದು ಬೇರೆ. ಅರಸನ ಹಬ್ಬದ ದಿನ, ಅರಸನ ಎದುರಿನಲ್ಲಿಯೇ, ಆತ್ಮವಿಲ್ಲ ಪರಲೋಕವಿಲ್ಲವೆಂದು ಮಂತ್ರಿಯಾದವನು ವಾದಿಸಿದನು. ಅವನ ಮಾತನ್ನು ಯಾರೂ ನಡುವೆ ತಡೆಯಲಿಲ್ಲ. ವಿಜಯನಗರದ ಕಾಲದಲ್ಲಿ, ವೇದಾಂತಿಯಾದ ಮಾಧವಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ ಸರ್ವದರ್ಶನಸಂಗ್ರಹವೂ ಮೊದಲ ಅಧ್ಯಾಯವನ್ನು ಚಾರ್ವಾಕನಿಗೇ ಬಿಟ್ಟುಕೊಟ್ಟಿತು.

ಪಂಡಿತರ ಮಾತಾಯಿತು, ಪಾಮರರೆನಿಸಿಕೊಂಡವರೂ ಹಿಂದೆ ಬೀಳಲಿಲ್ಲ. ಈ ಭಾಗದ ಜಾತ್ರೆಗಳಲ್ಲಿ ಹರದೇಶಿ ನಾಗೇಶಿ ಮೇಳಗಳು ಎದುರುಬದುರು ನಿಂತು, ಒಂದು ಪುರುಷನೇ ಹೆಚ್ಚೆಂದೂ ಇನ್ನೊಂದು ಪ್ರಕೃತಿಯೇ ಹೆಚ್ಚೆಂದೂ ಹಾಡಿನಲ್ಲಿ ಸವಾಲ್ ಹಾಕಿ ಜವಾಬ್ ಕೇಳುತ್ತ ಬೆಳಗು ಹರಿಸುತ್ತವೆ. ಡೊಳ್ಳಿನ ಪದಗಳಲ್ಲಿಯೂ ಇದೇ ಸೊಗಸು. ಜವಾಬು ಕೊಡಲಾರದ ಮೇಳಕ್ಕೆ ಸೋಲುಂಟು, ಶಿಕ್ಷೆಯಿಲ್ಲ. ಬರುವ ಜಾತ್ರೆಗೆ ಅದಕ್ಕೂ ಮತ್ತೆ ವೀಳ್ಯ ಹೋಗುತ್ತದೆ.

ಹೊಸ ಕಾಲದಲ್ಲಿ ಇಂತಹ ಸಂವಾದದ ಉತ್ತಮ ಮಾದರಿಯೆಂದರೆ ಗಾಂಧೀಜಿಯವರಿಗೂ ಗೋರಾ ಅವರಿಗೂ ನಡೆದುದು. ಗೋರಾ, ಎಂದರೆ ಆಂಧ್ರದ ಗೋಪರಾಜು ರಾಮಚಂದ್ರರಾಯರು, ನಾಸ್ತಿಕರೆಂಬ ಕಾರಣಕ್ಕೆ 1933ರಲ್ಲಿ ಕಾಕಿನಾಡದ ಕಾಲೇಜಿನ ಅಧ್ಯಾಪಕತ್ವವನ್ನು ಕಳೆದುಕೊಂಡವರು. 1940ರಲ್ಲಿ ಮುದುನೂರಿನಲ್ಲಿ ನಾಸ್ತಿಕ ಕೇಂದ್ರವನ್ನು ಕಟ್ಟಿದವರು. 1944ರಿಂದ ಸೇವಾಗ್ರಾಮಕ್ಕೆ ಬಂದು ಹೋಗುತ್ತ, ಅಸ್ಪೃಶ್ಯತೆಯ ನಿವಾರಣೆಗೆ ದೇವರಿಗಿಂತ ನಾಸ್ತಿಕತೆಯೇ ಹೆಚ್ಚು ಬಲ ಕೊಡುತ್ತದೆಂದು ಮಹಾತ್ಮರ ಎದುರಿನಲ್ಲಿಯೇ ವಾದಿಸಿದರು. ಗಾಂಧೀಜಿ ತಮ್ಮ ದೇವರನ್ನು ಬಿಡಲಿಲ್ಲ, ಗೋರಾ ತಮ್ಮ ನಿಲುವನ್ನು ಬಿಡಲಿಲ್ಲ. ಆದರೆ ಗೋರಾ ಅವರ ಮಗಳು ಮನೋರಮೆಯ ಮದುವೆಯು ಹರಿಜನ ವರನಾದ ಅರ್ಜುನರಾಯರೊಡನೆ ನಿಶ್ಚಯವಾದಾಗ, ವಿವಾಹ ಪ್ರತಿಜ್ಞೆಯಲ್ಲಿ ದೇವರ ಹೆಸರಿನ ಸ್ಥಾನದಲ್ಲಿ ಸತ್ಯದ ಹೆಸರನ್ನು ಇಡಲು ಗಾಂಧೀಜಿ ಒಪ್ಪಿದರು. ಮಹಾತ್ಮರ ಹತ್ಯೆಯ ತರುವಾಯ 1948ರ ಮಾರ್ಚ್ 13ರಂದು ಸೇವಾಗ್ರಾಮದಲ್ಲಿ ಆ ಮದುವೆ ನಡೆಯಿತು.

ಇಂತಹ ಪರಂಪರೆಯ ವಾರಸುದಾರರಾದ ನಾವು ಈಗ ಎಲ್ಲಿಗೆ ಬಂದಿದ್ದೇವೆ? ಮೂಢನಂಬಿಕೆಗಳ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಕ್ಕಿ ಕೊಂದರು. ನಿಪ್ಪಾಣಿಯಿಂದ ಸುಮಾರು 40 ಕಿಲೋಮೀಟರ್ ದೂರದ ಕೊಲ್ಹಾಪುರದಲ್ಲಿ 2015ರ ಫೆಬ್ರವರಿ 16ರಂದು ಗುಂಡೇಟು ತಿಂದ ಗೋವಿಂದ ಪಾನಸರೆಯವರು ನಾಲ್ಕು ದಿನಗಳ ಮೇಲೆ ತೀರಿಕೊಂಡರು. ಅದೇ ವರ್ಷ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಕೊಂದರು. ಕಲಬುರ್ಗಿಯವರು ನಾಸ್ತಿಕತೆಯ ಪ್ರಚಾರಕರಲ್ಲ, ಬಾಳಿಡೀ ವಚನಗಳನ್ನು ಸಂಶೋಧಿಸಿದವರು. ಅವರು ಸಹ 1989ರಲ್ಲಿ ತಮ್ಮ 'ಮಾರ್ಗ' ಗ್ರಂಥದ ಕೆಲವು ಬರಹಗಳಿಗಾಗಿ ಒತ್ತಡಕ್ಕೆ ಮಣಿದು ತಮ್ಮ ಅಭಿಪ್ರಾಯಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಇದೇ ಜಿಲ್ಲೆಯ ಬೈಲೂರು ನಿಷ್ಕಲ ಮಂಟಪದ ನಿಜಗುಣಾನಂದ ಸ್ವಾಮಿಗಳಿಗೆ, ಬಸವತತ್ತ್ವವನ್ನೇ ಆಧಾರವಾಗಿಟ್ಟುಕೊಂಡು ಕಂದಾಚಾರವನ್ನು ಖಂಡಿಸಿದ್ದಕ್ಕೆ, ಜೀವಬೆದರಿಕೆಗಳು ಬಂದಿವೆ. ನಂಬಿಕೆಯುಳ್ಳ ಸ್ವಾಮಿಯ ವಿಚಾರಕ್ಕೇ ಇಷ್ಟು ಅಪಾಯವಿರುವಾಗ, ನಂಬಿಕೆಯನ್ನು ಕಳೆದುಕೊಂಡ ಗುರುವು ಬಾಯಿ ತೆರೆಯಬೇಕೆಂದು ನಾವು ಯಾವ ಮುಖದಿಂದ ಕೇಳೋಣ? ನಮ್ಮ ಸಂವಿಧಾನದ 25ನೆಯ ವಿಧಿಯು ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ಕಾವಿ ಉಟ್ಟವರನ್ನು ಅದು ಹೊರತುಪಡಿಸಿಲ್ಲ.

ಆದ್ದರಿಂದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಹಿರಿಯರಲ್ಲಿಯೂ ಮಠಗಳ ಟ್ರಸ್ಟಿನವರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟು. ಶ್ರಾವಣದ ಪುರಾಣ ಮುಗಿದ ಮೇಲೆ ನಿತ್ಯವೂ ಒಂದು ಗಳಿಗೆಯನ್ನು ಸವಾಲು ಜವಾಬಿಗೆ ಬಿಡಿರಿ. ದೇವರಿಲ್ಲವೆನ್ನುವ ಹುಡುಗನಿಗೂ ಅದೇ ವೇದಿಕೆಯ ಮೇಲೆ ಮಾತನಾಡಲು ಅವಕಾಶ ಕೊಡಿರಿ. ಪ್ರಾಯಕ್ಕೆ ಬಂದು ತಾನಾಗಿ ಒಪ್ಪದ ಹೊರತು ಯಾವ ವಟುವಿಗೂ ಪಟ್ಟ ಕಟ್ಟಬೇಡಿರಿ. ಪೀಠವನ್ನು ಬಿಟ್ಟು ಹೋಗುತ್ತೇನೆನ್ನುವ ಗುರುವಿಗೆ ಮಠದ ಶಾಲೆಯಲ್ಲೊಂದು ಮಾಸ್ತರಿಕೆಯನ್ನೋ, ಬೇರೆ ಯಾವುದಾದರೂ ಜೀವನೋಪಾಯವನ್ನೋ ಕಲ್ಪಿಸಿ, ಅವನನ್ನು ಊರಿನಲ್ಲಿಯೇ ಮರ್ಯಾದೆಯಿಂದ ಉಳಿಸಿಕೊಳ್ಳಿರಿ.