ಕ್ಯಾಲೊರಿ ಎಲೆಯಲ್ಲಿಲ್ಲ, ಲೋಟದಲ್ಲಿದೆ

ವಿಜಯನಗರ ಮಾರ್ಕೆಟ್ ಆಗಲಿ, ಬಸವೇಶ್ವರನಗರದ ಪಾರ್ಕ್ ಮುಂದೆ ಆಗಲಿ, ಪುದೀನ, ಮಜ್ಜಿಗೆ ಹುಲ್ಲು, ದೊಡ್ಡಪತ್ರೆ ಇಟ್ಕೊಂಡು ನಿಂತರೆ ಗ್ರಾಹಕರು ಈಗ ಬರೀ ರೇಟ್ ಕೇಳಲ್ಲ. 'ಇದರಲ್ಲಿ ಕ್ಯಾಲೊರಿ ಎಷ್ಟು? ತೂಕ ಇಳಿಯುತ್ತಾ? ಶುಗರ್‌ಗೆ ಒಳ್ಳೇದಾ?' ಅಂತಾರೆ. ನಾನು ಕೆಂಗೇರಿ ಆಚೆ ಸೊಪ್ಪು ಬೆಳೆದು ಇದೇ ಏರಿಯಾಗಳಿಗೆ ತರೋನು. ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಗೊತ್ತಿದ್ದರೆ ಗಿರಾಕಿ ಮತ್ತೆ ಬರ್ತಾರೆ.

ಮೊದಲು ಲೆಕ್ಕ ನೋಡೋಣ. 100 ಗ್ರಾಂ ಕೊತ್ತಂಬರಿ ಸೊಪ್ಪಿನಲ್ಲಿ ಸುಮಾರು 23 ಕ್ಯಾಲೊರಿ ಇದೆ. ಆದ್ರೆ ಒಂದು ಊಟಕ್ಕೆ ಒಬ್ಬರು ತಿನ್ನೋದು ಐದೋ ಹತ್ತೋ ಗ್ರಾಂ. ಒಂದು ಟೀ ಚಮಚ ಕಾಳುಮೆಣಸಿನ ಪುಡಿಯಲ್ಲಿ 6 ಕ್ಯಾಲೊರಿ, ಅರಿಶಿನದಲ್ಲಿ 9ರ ಆಸುಪಾಸು. ಹಾಲು, ಸಕ್ಕರೆ ಇಲ್ಲದ ಒಂದು ಕಪ್ ಟೀಯಲ್ಲಿ ಬರೀ 2. ಅದೇ ಟೀಗೆ 100 ಎಂ.ಎಲ್. ಹಾಲು, ಎರಡು ಚಮಚ ಸಕ್ಕರೆ ಬಿದ್ದರೆ ಹತ್ತಿರ ಹತ್ತಿರ 100 ಕ್ಯಾಲೊರಿ! ಕಷಾಯಕ್ಕೆ ಬೆಲ್ಲ ಹಾಕಿದ್ರೆ ಪರವಾಗಿಲ್ಲ ಅನ್ನೋರು ಬಹಳ ಜನ. 10 ಗ್ರಾಂ ಬೆಲ್ಲದಲ್ಲಿ 38 ಕ್ಯಾಲೊರಿ, ಸಕ್ಕರೆಯಲ್ಲಿ 39. ಅಷ್ಟೇ ವ್ಯತ್ಯಾಸ.

ಹಾಗಾಗಿ ತೂಕದ ಬಗ್ಗೆ ಕೇಳಿದೋರಿಗೆ ನಾನು ಹೇಳೋದು ಇಷ್ಟು: 'ಅಕ್ಕಾ, ಮಜ್ಜಿಗೆ ಹುಲ್ಲು ಕೊಬ್ಬು ಕರಗಿಸಲ್ಲ. ದಿನಕ್ಕೆ ಮೂರು ಸಲ ಹಾಲಿನ ಟೀ ಕುಡಿಯೋರು ಎರಡನ್ನ ಬಿಟ್ಟು ಇದನ್ನ ಸಪ್ಪೆ ಕುಡಿದರೆ 200 ಕ್ಯಾಲೊರಿ ಉಳಿಯುತ್ತೆ.' ಇದು ಅವರಿಗೆ ಅರ್ಥ ಆಗುತ್ತೆ, ಕಟ್ಟೂ ಮಾರಾಟ ಆಗುತ್ತೆ.

ಆರೋಗ್ಯಕ್ಕೆ ಉಪಯೋಗ ಇಲ್ಲವೇ ಇಲ್ಲ ಅಂತಲ್ಲ. ಅರಿಶಿನದ ಕರ್ಕ್ಯುಮಿನ್ ದೇಹಕ್ಕೆ ಸುಲಭವಾಗಿ ಸೇರಲ್ಲ. ಕಾಳುಮೆಣಸಿನ ಪೈಪರಿನ್ ಜೊತೆಗಿದ್ದರೆ ಮನುಷ್ಯರಲ್ಲಿ ಅದು ರಕ್ತಕ್ಕೆ ಸೇರೋ ಪ್ರಮಾಣ ಹಲವು ಪಟ್ಟು ಜಾಸ್ತಿ ಆಗುತ್ತೆ ಅಂತ 1998ರಲ್ಲಿ ಪ್ರಕಟ ಆದ ಅಧ್ಯಯನ ತೋರಿಸಿತು. ನಡೆದದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಲ್ಲೇ. ಅಜ್ಜಿ ಕಷಾಯಕ್ಕೆ ಎರಡನ್ನೂ ಹಾಕ್ತಿದ್ದದ್ದು ಸುಮ್ನೆ ಅಲ್ಲ. ಆದ್ರೆ ರಕ್ತಕ್ಕೆ ಸೇರೋದೇ ಬೇರೆ, ಕಾಯಿಲೆ ವಾಸಿ ಆಗೋದೇ ಬೇರೆ. ಇನ್ನು ಟೀ ವಿಷಯ: ಊಟದ ಜೊತೆಗೇ ಕುಡಿದರೆ ಸೊಪ್ಪಿನಲ್ಲಿರೋ ಕಬ್ಬಿಣದ ಅಂಶ ದೇಹಕ್ಕೆ ಸರಿಯಾಗಿ ಸೇರಲ್ಲ. ಒಂದು ಗಂಟೆ ಬಿಟ್ಟು ಕುಡೀರಿ. ಸೊಪ್ಪಿಗೆ ನಿಂಬೆಹಣ್ಣು ಹಿಂಡಿದರೆ ಚೆನ್ನಾಗಿ ಸೇರುತ್ತೆ.

'ಸಕ್ಕರೆ ಕಾಯಿಲೆ ವಾಸಿ' ಅಂತ ಮಾತ್ರ ಬೋರ್ಡಲ್ಲಿ, ವಾಟ್ಸಾಪ್ ಸ್ಟೇಟಸ್‌ನಲ್ಲಿ ಬರೀಬೇಡಿ. 1954ರ ಮಾಂತ್ರಿಕ ಔಷಧ ಜಾಹೀರಾತು ಕಾಯ್ದೆಯಲ್ಲಿ ಅದು ಅಪರಾಧ. 2006ರ ಆಹಾರ ಸುರಕ್ಷತೆ ಕಾಯ್ದೆ ಪ್ರಕಾರ ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಹಸಿ ಸೊಪ್ಪು ಬೆಳೆಯೋ ರೈತರಿಗೆ ಈ ಕಾಯ್ದೆ ಅನ್ವಯ ಆಗಲ್ಲ, ನಿಜ. ಒಣಗಿಸಿ, ಪುಡಿ ಮಾಡಿ, ಪ್ಯಾಕೆಟ್ ಮಾಡಿ ಮಾರೋಕೆ ಹೊರಟರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸ್ಕೊಳ್ಳಿ. ಒಣಗಿಸೋದು ನೆರಳಲ್ಲಿ. ಬಿಸಿಲಿಗೆ ಹಾಕಿದ್ರೆ ಮಜ್ಜಿಗೆ ಹುಲ್ಲಿನ ಎಣ್ಣೆ ಅಂಶ ಆರಿಹೋಗಿ ಘಮ ಹೋಗುತ್ತೆ, ಬಣ್ಣವೂ ಮಾಸುತ್ತೆ.

ಇಷ್ಟೆಲ್ಲಾ ಹೇಳಿದ ಮೇಲೆ ನಮ್ಮ ಕಡೆಯ ದೊಡ್ಡ ಪ್ರಶ್ನೆ ನೀರು. ವೃಷಭಾವತಿ ನಗರದ ಪಶ್ಚಿಮ ಭಾಗದ ಚರಂಡಿ ನೀರು, ಕಾರ್ಖಾನೆ ನೀರು ಎಲ್ಲಾ ಹೊತ್ತು ಕೆಂಗೇರಿ ದಾಟಿ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗುತ್ತೆ. ಆ ನೀರಲ್ಲಿ ಬೆಳೆ ಹಸಿರಾಗೇ ಬರುತ್ತೆ, ನೋಡೋಕೂ ಚೆಂದ. ಆದ್ರೆ ಸೊಪ್ಪು ಭಾರಲೋಹಗಳನ್ನ ಬೇರಿಂದ ಎಳೆದು ಎಲೆಯಲ್ಲಿ ಇಟ್ಕೊಳ್ಳುತ್ತೆ. ಅದು ತೊಳೆದ್ರೂ ಹೋಗಲ್ಲ, ಕುದಿಸಿದ್ರೂ ಹೋಗಲ್ಲ. ಅಂಥ ಎಲೆಯನ್ನ 'ಹರ್ಬಲ್' ಅಂತ ಮಾರೋದು ನನ್ನ ಪ್ರಕಾರ ಮೋಸ. ನದಿ ಪಕ್ಕದ ಜಮೀನಾದರೆ ಸೊಪ್ಪಿನ ಬದಲು ಹೂವೋ ಮರದ ಕೃಷಿಯೋ ಯೋಚಿಸಿ.

ಬೋರ್‌ವೆಲ್ ಇದ್ದರೂ ನದಿ ಹತ್ತಿರ ಇದ್ದರೆ ನಂಬಬೇಡಿ. ಮಾನ್ಯತೆ ಇರೋ ಲ್ಯಾಬ್‌ಗೆ ಕೊಟ್ಟು ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಅಂತ ಹೆಸರು ಹೇಳಿಯೇ ಪರೀಕ್ಷೆ ಮಾಡಿಸಿ. ಮಾಮೂಲಿ ನೀರಿನ ಪರೀಕ್ಷೆಯಲ್ಲಿ ಇವು ಬರದೇ ಇರಬಹುದು. ರಿಪೋರ್ಟ್ ಚೆನ್ನಾಗಿ ಬಂದರೆ ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳಿ. ನಾನು ನನ್ನದನ್ನ ಲ್ಯಾಮಿನೇಟ್ ಮಾಡಿಸಿ ಗಾಡಿಗೇ ಕಟ್ಟಿದ್ದೀನಿ, ಕ್ಯಾಲೊರಿ ಕೇಳೋಕೆ ಬಂದೋರು ಮೊದಲು ಅದನ್ನ ಓದ್ತಾರೆ.