ನಿಶ್ಶಬ್ದ ಗಗನದ ಸಂಗೀತ

ಧ್ವನಿಯು ಸಂಚರಿಸಲು ಗಾಳಿಯಂತಹ ಮಾಧ್ಯಮ ಬೇಕೆಂಬುದನ್ನು ನಾವೆಲ್ಲ ಬಲ್ಲೆವು. ವ್ಯೋಮವಾದರೋ ಬಹುಮಟ್ಟಿಗೆ ಶೂನ್ಯ. ಅಲ್ಲಿ ನಮ್ಮ ಕಿವಿಗೆ ಏನೂ ಕೇಳಿಸದು. ಹಾಗಾದರೆ, 1969ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಹಾಕ್‌ವಿಂಡ್’ ಎಂಬ ಸ್ಪೇಸ್ ರಾಕ್ ವಾದ್ಯವೃಂದವು 1973ರಲ್ಲಿ ಹೊರತಂದ ‘ಸ್ಪೇಸ್ ರಿಚುಅಲ್’ ಎಂಬ ಜೋಡಿ ಧ್ವನಿಮುದ್ರಿಕೆಯನ್ನು ಆಲಿಸುವಾಗ, ಗಗನದಲ್ಲಿ ತೇಲುತ್ತಿರುವೆವೆಂದು ನಮಗೇಕೆ ಭಾಸವಾಗುತ್ತದೆ?

ಇದರ ಗುಟ್ಟು ವೃಂದದವರು ಬಳಸಿದ ಎರಡು ಉಪಕರಣಗಳಲ್ಲಿದೆ. ಪ್ರಯೋಗಶಾಲೆಗಳ ಆಡಿಯೋ ಜನರೇಟರು ವಿದ್ಯುದಾಂದೋಲನದಿಂದ ಸ್ವರವನ್ನು ಹುಟ್ಟಿಸುತ್ತದೆ. ಗುಂಡಿಯನ್ನು ತಿರುಗಿಸಿದಂತೆಲ್ಲ ಕಂಪನಸಂಖ್ಯೆಯು ಏರಿಳಿದು, ಸ್ವರವು ಎಲ್ಲಿಯೂ ತಡೆಯದೆ ಜಾರುತ್ತದೆ. ಪ್ರತಿಧ್ವನಿ ಯಂತ್ರವು ಅದನ್ನೇ ತುಸು ತಡವಾಗಿ ಮರಳಿ ನುಡಿಸುತ್ತದೆ. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಅರ್ಧ ಸೆಕೆಂಡು ತಡೆದು ಬಂದ ಪ್ರತಿಧ್ವನಿಯೆಂದರೆ 85 ಮೀಟರು ದೂರದ ಗೋಡೆ! ತಡವಾದಷ್ಟೂ ಸ್ಥಳವು ವಿಶಾಲವೆಂದು ಕಿವಿಯು ಎಣಿಸುತ್ತದೆ. ವ್ಯೋಮದ ಈ ಭ್ರಮೆಗೂ ಭೂಮಿಯ ಗಾಳಿಯೇ ಆಧಾರ.